ಹೌದೆಂದೇ ಕಲಿತ ಬಾಯಿ

ಆ ಅಂಗಳದಲ್ಲಿ ತಲೆ ಬಾಗಿಸುವವರಿಗೆ ಶಬ್ದಗಳ ಬರ ಇರಲಿಲ್ಲ. ಜೀ, ಹುಜೂರ್, ಹುಕುಂ, ಅಪ್ಪಣಿರಿ, ತಮ್ಮ ತಾಬೇದಾರ ಅದೀನ್ರಿ. ಇಲ್ಲ ಎಂಬ ಒಂದು ಮಾತಿಗೆ ಮಾತ್ರ ಜಾಗ ಇರಲಿಲ್ಲ. ಔರಾದ ಕಡೆಯ ಒಬ್ಬ ಜಾಗೀರದಾರರ ವಾಡೆ ಅದು. ಒಳಗೆ ಬಂದವರು ತಲೆಯ ರುಮಾಲು ತೆಗೆದು, ಕೈ ಮುಗಿದು, ಕೇಳಿದ್ದಕ್ಕೆಲ್ಲ ಹೌದೆನ್ನಬೇಕು. ತಪ್ಪಿದವರ ಬೆನ್ನಿಗೆ ಚಪರಾಸಿ ಖಾಜಾ ಮಿಯಾನ ಬೆತ್ತ ಬೀಳುತ್ತಿತ್ತು. ಡಾಬಕಾ ಎಂಬ ಹಳ್ಳಿಯ ಕುರಿಗಾರ ಧೊಂಡಿಬಾ ಮೀಸೆ ಮೂಡುವ ಮೊದಲೇ ಆ ಪಾಠ ಕಲಿತಿದ್ದ.

1948ರ ಸೆಪ್ಟೆಂಬರಿನಲ್ಲಿ ನಿಜಾಮರು ಸೋತರು. ಜಾಗೀರದಾರರು ಕಾಲು ಕಿತ್ತರು, ವಾಡೆಯಲ್ಲಿ ಹಿಂದೂಸ್ತಾನದ ಫೌಜು ಬಂದು ಕೂತಿತು. ಈಗ ಅದೇ ಅಂಗಳದಲ್ಲಿ ಮುಪ್ಪಾದ ಖಾಜಾ ಮಿಯಾ ಕೈ ಕಟ್ಟಿಸಿಕೊಂಡು ನಿಂತಿದ್ದ. ಹಿಂದೊಂದು ದಿನ ಡಾಬಕಾದ ಹಳ್ಳದ ದಂಡೆಯಲ್ಲಿ, ನಿಜಾಮರ ಪರ ಊರೂರು ಲೂಟಿ ಮಾಡುತ್ತಿದ್ದ ರಜಾಕಾರರ ಜೊತೆ ಮಾತಾಡಿದನೆಂದು ಯಾರೋ ಚಾಡಿ ಹೇಳಿದ್ದರು. ಹೊರಗೆ ಲಾರಿ ಕಾಯುತ್ತಿತ್ತು. ಆ ದಿನಗಳಲ್ಲಿ ಲಾರಿ ಹತ್ತಿದ ಎಷ್ಟೋ ಮಂದಿ ಮನೆಗೆ ಬರಲೇ ಇಲ್ಲ. ಅವತ್ತು ಹಳ್ಳದ ಹತ್ತಿರ ಕುರಿ ಮೇಯಿಸುತ್ತಿದ್ದವನು ಧೊಂಡಿಬಾ ಒಬ್ಬನೇ, ಹಾಗಾಗಿ ಅವನೇ ಸಾಕ್ಷಿ.

ಫೌಜಿನ ಸಾಹೇಬ ಹಿಂದಿಯಲ್ಲಿ ಕೇಳಿದ. ಭಾಲ್ಕಿಯಿಂದ ಕರೆಸಿದ್ದ ವಕೀಲ ಶ್ರೀಪಾದರಾವ್ ಅದನ್ನು ಕನ್ನಡದಲ್ಲಿ ಹೇಳಿದರು: “ಇವ ರಜಾಕಾರರಿಗಿ ನಿಮ್ಮೂರ ದಾರಿ ತೋರಿಸ್ಯಾನೇನು?”

ಧೊಂಡಿಬಾ ಸಾಹೇಬನ ಬೂಟು ನೋಡಿದ. ರುಮಾಲು ತಾನಾಗಿ ಕೈಗೆ ಬಂತು. “ಹೌದ್ರಿ ಹುಜೂರ್.”

ಖಾಜಾ ಮಿಯಾನ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಧೊಂಡಿಬಾನ ಹೆಂಡತಿ ಸಖುಬಾಯಿ ಒಂದು ಹೆಜ್ಜೆ ಮುಂದೆ ಬಂದಳು. ಹಳ್ಳದಲ್ಲಿ ನಡೆದದ್ದನ್ನೆಲ್ಲ ಗಂಡ ಅವತ್ತೇ ಅವಳಿಗೆ ಹೇಳಿದ್ದ. ಅವಳಿಗೆ ಸಿಟ್ಟು ಬಂತು. ಸಾರಿಗೆ ಉಪ್ಪು ಕಮ್ಮಿಯಾದರೆ ಓಣಿಗೆಲ್ಲ ಕೇಳುವಂತೆ ಕೂಗಾಡುವ ಗಂಡಸು ಇವನೇ ತಾನೆ!

“ವಕೀಲರ, ಬೂಟ ಹಾಕ್ಕೊಂಡವ್ರು ಏನ್ ಕೇಳಿದ್ರೂ ಇವ ಹೌದ ಅಂತಾನ್ರಿ! ದಾರಿ ತೋರಿಸ್ದವ ನೀನೇ ಏನಂತ ಕೇಳಿ ನೋಡ್ರಿ!” ಎಂದು ಕೂಗಿದಳು.

ಶ್ರೀಪಾದರಾವ್ ಹಿಂದೆ ಮುಂದೆ ನೋಡಿ ಸಾಹೇಬನಿಗೆ ತಿಳಿಸಿದರು. ಸಾಹೇಬ ಹುಬ್ಬು ಗಂಟಿಕ್ಕಿದ. ಕೇಳು ಎಂದ. ವಕೀಲರು ಕೇಳಿದರು.

“ಹೌದ್ರಿ ಹುಜೂರ್.”

ಎಲ್ಲರೂ ನಕ್ಕುಬಿಡುತ್ತಾರೆ ಎಂದುಕೊಂಡಿದ್ದಳು ಸಖುಬಾಯಿ. ಯಾರೂ ನಗಲಿಲ್ಲ. ಇಬ್ಬರು ಸಿಪಾಯಿಗಳು ಧೊಂಡಿಬಾನ ರಟ್ಟೆ ಹಿಡಿದು ಅವನನ್ನೂ ಖಾಜಾ ಮಿಯಾನ ಪಕ್ಕ ನಿಲ್ಲಿಸಿದರು. ಜಾಣತನ ಮಾಡಲು ಹೋಗಿ ಗಂಡನನ್ನೇ ಲಾರಿಗೆ ಕೊಟ್ಟೆನಲ್ಲ ಎಂದು ಅವಳು ಹಣೆ ಬಡಿದುಕೊಂಡಳು.

“ಧೊಂಡಿಬಾ, ಇಲ್ಲ ಅನ್ನೋ!” ಖಾಜಾ ಮಿಯಾ ಚೀರಿದ. ಅದೇ ಹಳೆಯ ಗದರು ದನಿ. “ನಾ ಹೇಳ್ತೇನಿ, ಇಲ್ಲ ಅನ್ನು!”

ಆ ದನಿಗೆ ಧೊಂಡಿಬಾನ ಬೆನ್ನು ಬಾಗಿತು. ಆಮೇಲೆ ಅದೇನಾಯಿತೋ, ತಿರುಗಿ ಖಾಜಾ ಮಿಯಾನ ಕಟ್ಟಿದ ಕೈಗಳನ್ನು ದಿಟ್ಟಿಸಿ ನೋಡಿದ.

“ನೀ ಹೇಳ್ದಿ ಅಂತ ಇಲ್ಲ ಅನ್ನಲ್ಲ” ಎಂದ. ಬಳಿಕ ವಕೀಲರ ಕಡೆ ಹೊರಳಿದ. “ಇವ ದಾರಿ ತೋರಿಸಿಲ್ರಿ. ಡಾಬಕಾದಾಗ ಕಾಲರಾ ಬಂದದ, ಹೆಣಾ ಬಿದ್ದಾವ ಅಂತ ಸುಳ್ಳ ಹೇಳಿ ಅವ್ರನ್ನ ಹಳ್ಳದಿಂದನೇ ವಾಪಸ ಕಳಿಸ್ದ. ನಾ ಕಣ್ಣಾರೆ ನೋಡೀನಿ. ಅದಕ್ಕ ಹೇಳ್ತೇನಿ.”

“ಮೊದಲು ಹೌದು ಅಂದದ್ದು ಯಾಕೆ?” ವಕೀಲರಿಂದ ಕೇಳಿಸುತ್ತ ಸಾಹೇಬ ಮುಂದಿನ ಮೇಜು ಗುದ್ದಿದ.

“ಇಲ್ಲ ಅಂದವ್ರಿಗಿ ಈ ಅಂಗಳದಾಗ ಏನ್ ಆಗ್ತಿತ್ತು, ಇವನಿಗೇ ಕೇಳ್ರಿ.”

ಎಲ್ಲರ ಕಣ್ಣುಗಳು ಖಾಜಾ ಮಿಯಾನ ಮೇಲೆ ನೆಟ್ಟವು. ಏನೂ ಆಗುತ್ತಿರಲಿಲ್ಲ ಎಂದರೆ ತನ್ನನ್ನು ಉಳಿಸುವ ಸಾಕ್ಷಿಯೇ ಸುಳ್ಳಾಗುತ್ತದೆ. ಅವನು ಸಾಹೇಬನ ಕಡೆ ತಿರುಗಿದ.

“ಹೊಡಿತಿದ್ದೆ ಸಾಬ್. ಇವನಿಗೂ ಹೊಡ್ದೀನಿ. ಇವನ ಅಪ್ಪಗೂ ಹೊಡ್ದೀನಿ.”

ಸಾಹೇಬ ಲಾರಿಯನ್ನು ಖಾಲಿಯಾಗಿಯೇ ಕಳಿಸಿಬಿಡಲು ಹೇಳಿ, ಧೊಂಡಿಬಾನ ಕಡೆ ಬೆರಳು ತೋರಿಸಿದ: ಮುದುಕನ ಹಗ್ಗ ಬಿಚ್ಚು.

ಧೊಂಡಿಬಾನ ಕೈ ಹಗ್ಗದ ತನಕ ಹೋಗಿ, ಅಲ್ಲೇ ನಿಂತಿತು.

“ಕಟ್ಟಿದವ್ರೇ ಬಿಚ್ಚಲಿರಿ” ಎಂದ.