ಆ ಮರ ಎಲ್ಲಿಗೆ ಹೋಯಿತು?

ಗಂಡನ ಹಣೆಗೆ ಗಂಧ ಹಚ್ಚುತ್ತಿದ್ದ ಕುಶಲಾಳ ಬೆರಳು, ಹಿತ್ತಿಲಲ್ಲಿ ಮೆಷಿನಿನ ಸದ್ದು ಕೇಳಿದ್ದೇ ಅಲ್ಲೇ ನಿಂತಿತು.

“ಅದೆಂತ ಶಬ್ದ?”

“ಮರ ಕಡಿಲಿಕ್ಕೆ ಬಂದಿದ್ದಾರೆ ದೊಡ್ಡಮ್ಮ,” ಎಂದಳು ಪಕ್ಕದಲ್ಲಿ ಕೂತಿದ್ದ ತಂಗಿಯ ಮಗಳು ಪ್ರಣೀತಾ. “ಮಾವಿನ ಮರ. ಚಿತೆಗೆ.”

ಕುಶಲಾ ಅವಳನ್ನು ಹಿಂದಿನ ಬಾಗಿಲಿನತ್ತ ದೂಡಿದಳು. “ಬೇಡ ಅಂತ ಹೇಳು. ಅವರೇ ಬೇಡ ಅಂದಿದ್ದಾರೆ ಅಂತ ಹೇಳು. ಓಡು!”

ತಾನೇ ಎದ್ದು ಹೋಗೋಣವೆಂದರೆ ಬಿಡುವವರು ಯಾರು? ಎರಡೂ ಕಡೆ ಇಬ್ಬರು ಹೆಂಗಸರು, ಇವಳೆಲ್ಲಿ ತಲೆ ತಿರುಗಿ ಬೀಳುತ್ತಾಳೋ ಎಂದು ಬೆಳಗಿನಿಂದ ಭುಜ ಹಿಡಿದುಕೊಂಡೇ ಕೂತಿದ್ದರು. ಅವಳ ಕಣ್ಣಿನಿಂದ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಅದು ಅವರಿಗೆ ದೊಡ್ಡ ಚಿಂತೆಯಾಗಿತ್ತು.

ಪ್ರಣೀತಾ ಒಬ್ಬಳೇ ಮರಳಲಿಲ್ಲ. ಪೆರ್ಡೂರಿನಿಂದ ಬಂದಿದ್ದ ಗಂಡನ ಅಣ್ಣ, ಅಣ್ಣು ಬಾವ, ಅವಳ ಹಿಂದೆಯೇ ಬಂದು ನೆಲದ ಮೇಲೆ ಕೂತರು. ಅತ್ತು ಅತ್ತು ಮುಖ ಊದಿಹೋಗಿತ್ತು.

“ಕುಶಲಾ, ಎಂತ ಮಾತು ಇದು? ಅವನ ಜಾಗದ ಮರ ಅವನಿಗಿಲ್ಲದೆ ಮತ್ಯಾರಿಗೆ? ಅಪ್ಪನಿಗೂ ಕಡಿದದ್ದು, ಅಮ್ಮನಿಗೂ ಕಡಿದದ್ದು. ಇವನನ್ನು ಮಾತ್ರ ದಿಕ್ಕಿಲ್ಲದವನ ಹಾಗೆ ಪೇಟೆಯ ಸ್ಮಶಾನಕ್ಕೆ ಕೊಂಡುಹೋಗ್ಲಾ?”

“ಹಾಗೆ ಮಾಡಿ ಅಂತ ಅವರೇ ಹೇಳಿದ್ದು ಬಾವ. ಮಣಿಪಾಲದ ಆಸ್ಪತ್ರೆಯಲ್ಲಿ. ನನ್ನ ಕೈ ಹಿಡಿದು ಹೇಳಿದ್ದು, ಮರ ಮುಟ್ಟಬೇಡಿ ಅಂತ. ನಾನು ಹೂಂ ಅಂದಿದ್ದೇನೆ.”

“ನನಗೆ ಹೇಳ್ಲಿಲ್ವಲ್ಲ!”

ಹೇಳಿರಲಿಲ್ಲ. ‘ಅಣ್ಣನಿಗೆ ನೀನೇ ಹೇಳು, ನಾನು ಹೇಳಿದರೆ ಪಾಠ ಮಾಡಿದ ಹಾಗೆ ಕೇಳ್ತದೆ’ ಎಂದಿದ್ದರು. ಅಪಶಕುನದ ಮಾತು ಸಾಕು ಎಂದು ಗದರಿ ಕುಶಲಾ ಅದನ್ನು ಅಲ್ಲಿಗೇ ಬಿಟ್ಟಿದ್ದಳು.

“ಜ್ವರದಲ್ಲಿ ಮನುಷ್ಯ ಏನೇನೋ ಹೇಳ್ತಾನೆ,” ಎಂದು ಅಣ್ಣು ಬಾವ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡರು. “ತಮ್ಮನಿಗೆ ನಾನು ಇದೊಂದು ಮಾಡದಿದ್ದರೆ ನನಗೆ ನಿದ್ದೆ ಬರ್ಲಿಕ್ಕುಂಟಾ?”

ಎದುರಿಗಿದ್ದವರು ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹೀಗೆ ಅಳುವವರ ಹತ್ತಿರ ಏನೆಂದು ಜಗಳ ಆಡುವುದು?

*

ಕಾರ್ಕಳದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಸೈಕಲಿನಲ್ಲಿ ಕುಕ್ಕುಂದೂರಿಗೆ ಬಂದರೆ, ವಿಠಲ ಮಾಸ್ಟ್ರು ಚಹಾ ಕುಡಿಯುತ್ತಿದ್ದದ್ದು ಹಿತ್ತಿಲಿನ ಆ ಕಾಟು ಮಾವಿನ ಮರದ ಬುಡದಲ್ಲೇ. ಇಂಗ್ಲಿಷ್ ಬಾರದ ಹೆಂಡತಿಗೆ ಅಲ್ಲೇ ಕೂತು ತುಳುವಿನಲ್ಲಿ ಕತೆ ಹೇಳುತ್ತಿದ್ದರು. ಎಲ್ಲ ಅಮೆರಿಕದ ಸಣ್ಣ ಸಣ್ಣ ಊರುಗಳ ಕತೆ. ಒಂದು ಬೀದಿ, ಒಂದು ಚರ್ಚು, ಒಂದು ಔಷಧದ ಅಂಗಡಿ. ಅಂಗಡಿಯವನ ಹೆಂಡತಿಗೂ ಊರಿನ ಡಾಕ್ಟರಿಗೂ ಏನೋ ಒಂದು ಗುಸುಗುಸು.

“ಮತ್ತೆ? ಆ ಡಾಕ್ಟರ ಎಂತ ಮಾಡಿದ?” ಕುಶಲಾಳಿಗೆ ಅದೇ ಬೇಕು.

“ಡಾಕ್ಟರ ಹಾಳಾಗಿ ಹೋಗ್ಲಿ. ಮೊದಲನೇ ಅಧ್ಯಾಯದಲ್ಲಿ ಅಂಗಡಿಯ ಎದುರು ಒಂದು ದೊಡ್ಡ ಮರ ಉಂಟು. ಆಮೇಲೆ ನೋಡಿದರೆ ಅಲ್ಲಿ ಕಾರು ನಿಂತಿದೆ. ಆ ಮರ ಎಲ್ಲಿಗೆ ಹೋಯಿತು?”

“ಕಡಿದಿರ್ತಾರೆ.”

“ಯಾರು? ಅದರಲ್ಲಿದ್ದ ಹಕ್ಕಿ ಎಂತ ಮಾಡಿತು? ಇರುವೆ ಎಲ್ಲಿಗೆ ಹೋಯಿತು? ಅವೂ ಆ ಊರಿನವೇ ಅಲ್ವಾ? ಬರೆದವನಿಗೂ ಗೊತ್ತಿಲ್ಲ, ಓದುವವರೂ ಕೇಳುವುದಿಲ್ಲ.”

“ಅಯ್ಯೋ ದೇವರೇ! ಅಮೆರಿಕದ ಮರಕ್ಕೆ ಕುಕ್ಕುಂದೂರಿನಲ್ಲಿ ಕೂತು ಅಳುವವರು ನೀವೊಬ್ಬರೇ,” ಎಂದು ಅವಳು ನಕ್ಕಿದ್ದಳು. ಅವರೂ ನಕ್ಕು, ತೋಳಿನ ಮೇಲೆ ಹರಿಯುತ್ತಿದ್ದ ಕೆಂಜಿರುವೆಯೊಂದನ್ನು ಮೆಲ್ಲನೆ ಕಾಂಡದ ಮೇಲೆ ಬಿಟ್ಟಿದ್ದರು.

*

ಮೆಷಿನಿನ ಸದ್ದು ನಿಂತಿತು. ಕುಶಲಾಳಿಗೆ ಜೀವ ಬಂದಂತಾಯಿತು. ಒಳಗೆ ಬಂದವನು ಹರ್ಷಿತ್, ಮಾಸ್ಟ್ರ ಹಳೆಯ ವಿದ್ಯಾರ್ಥಿ. ಈಗ ಮರ ಕಡಿಯುವ ಕೆಲಸ ಹಿಡಿದಿದ್ದ. ಸುದ್ದಿ ಕೇಳಿದ್ದೇ ಮೆಷಿನು ಜೀಪಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದವನು ಅವನೇ. ಬುಡಕ್ಕೆ ಮೆಷಿನು ಇಡುವ ಮುಂಚೆ ಒಮ್ಮೆ ಕಾಲು ಮುಟ್ಟಿ ಹೋಗೋಣವೆಂದು ಬಂದಿದ್ದ.

“ಬೇರೆ ಯಾರಿಗೂ ಮುಟ್ಲಿಕ್ಕೆ ಬಿಡುವುದಿಲ್ಲ ಅಮ್ಮ. ನಮ್ಮ ಸರ್ ಕೆಲಸ, ನಾನೇ ಮಾಡ್ತೇನೆ,” ಎಂದ. “ಕ್ಲಾಸಲ್ಲಿ ನಾವು ಡಾಕ್ಟರನ ಲವ್ ಸ್ಟೋರಿಗೆ ಕಾಯ್ತಾ ಇದ್ರೆ, ಸರ್ ಒಂದೇ ಕೇಳುದು, ಆ ಮರ ಎಲ್ಲಿಗೆ ಹೋಯಿತು ಅಂತ. ನಾವು ನಗ್ತಿದ್ದೆವು. ಅಂಥ ಸರ್ ಇನ್ನು ಸಿಗುವುದಿಲ್ಲ ಅಮ್ಮ.”

“ಹರ್ಷಿತ್, ಆ ಮರ...” ಎಂದಳು ಕುಶಲಾ.

“ಎಂತ ಹೆದರ್ಬೇಡಿ. ಮಾಡಿನ ಹಂಚಿಗೆ ತಾಗದ ಹಾಗೆ ಬೀಳಿಸ್ತೇನೆ,” ಎಂದು ಕಣ್ಣೊರೆಸಿಕೊಂಡು ಹೊರಟೇಹೋದ.

ಸತ್ತವರಿಗೆ ಮರ್ಯಾದೆ ಮಾಡುವುದರಲ್ಲಿ ಈ ಊರಿನವರನ್ನು ಮೀರಿಸುವವರಿಲ್ಲ. ಬದುಕಿದ್ದಾಗ ಅವರು ಹೇಳಿದ್ದನ್ನು ಕೇಳಲಿಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಮರ ಮಾಡಿಗೆ ತಾಗಲಿಲ್ಲ. ಮಾತು ಕೊಟ್ಟ ಹಾಗೆಯೇ ಬಹಳ ಚಂದ ಮಾಡಿ ಬೀಳಿಸಿದ. ಗೋಡೆಗೆ ಒರಗಿಸಿದ್ದ ಮಾಸ್ಟ್ರ ಫೋಟೋ ಒಮ್ಮೆ ಅದುರಿತು. ಕಿಟಕಿಯಿಂದ, ಯಾವತ್ತೂ ಬಾರದಿದ್ದ ಬಿಸಿಲು ಹೆಣದ ಕಾಲಿನವರೆಗೆ ಬಂತು.

ಹೆಣ ಎತ್ತುವ ಹೊತ್ತಿಗೆ ಹಿತ್ತಿಲೆಲ್ಲ ಸೊನೆಯ ವಾಸನೆ. ಮಿಡಿಗಳು ಕಾಲಡಿ ಜಜ್ಜಿಹೋಗಿದ್ದವು. ಉಪ್ಪಿನಕಾಯಿಗೆ ಎಂಥ ಮಿಡಿ ಎಂದು ಯಾರೋ ಲೊಚಗುಟ್ಟಿದರು, ಸೂತಕದ ಮನೆಯದ್ದೆಂದು ಯಾರೂ ಹೆಕ್ಕಲಿಲ್ಲ. ಕೊನೆಯ ಪ್ರದಕ್ಷಿಣೆಗೆಂದು ಕುಶಲಾಳನ್ನು ಕರೆತಂದಾಗ ಮರದ ಗೆಲ್ಲುಗಳನ್ನು ಚಿತೆಗೆ ಎಳೆಯುತ್ತಿದ್ದರು. ಅದರಲ್ಲೊಂದರ ತುದಿಯಲ್ಲಿ, ಎಲೆಗಳನ್ನು ಸೇರಿಸಿ ಹೊಲಿದ ಕೆಂಜಿರುವೆಯ ಗೂಡು ಅವಳ ಕಣ್ಣಿಗೆ ಬಿತ್ತು. ಬಿಳಿ ಬಿಳಿ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಇರುವೆಗಳು ದಿಕ್ಕೆಟ್ಟು ಓಡುತ್ತಿದ್ದವು.

ಭುಜ ಹಿಡಿದವರ ಕೈ ಕೊಡವಿ ಕುಶಲಾ ಆ ಗೆಲ್ಲನ್ನು ಮುರಿದುಕೊಂಡಳು. ಇರುವೆಗಳು ಅವಳಿಗೇನು ಮರ್ಯಾದೆ ಕೊಡುತ್ತವೆಯೇ? ಕೈ, ಕತ್ತು, ಕಿವಿಯ ಹಿಂದೆ, ಸಿಕ್ಕಲ್ಲಿ ಕಚ್ಚಿದವು. ಉರಿಗೆ ಅವಳ ಕಣ್ಣಲ್ಲಿ ನೀರು ಬಂತು. ಬಂದದ್ದು ಆಮೇಲೆ ನಿಲ್ಲಲೇ ಇಲ್ಲ.

“ಅಂತೂ ಅತ್ತಳು. ಒಳ್ಳೆದಾಯ್ತು,” ಎಂದರು ಹೆಂಗಸರು.

“ಅಮ್ಮ, ಅದನ್ನೂ ಕೊಡಿ, ಹಾಕುವ,” ಎಂದು ಹರ್ಷಿತ್ ಕೈಚಾಚಿದ.

“ಇದನ್ನು ಎಲ್ಲಿ ಇಡ್ಲಿ ಹರ್ಷಿತ್?”

ಅವನು ಸುತ್ತ ನೋಡಿದ. ಪಾಗಾರದ ಗೋಡೆ, ಟ್ಯಾಂಕು, ಲೈಟಿನ ಕಂಬ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡ.

ಚಿತೆಗೆ ಬೆಂಕಿ ಹಿಡಿಯಿತು. ಹಸಿ ಸೌದೆ, ಬರೀ ಹೊಗೆ. ಕುಶಲಾ ಹೋಗಿ ಕಡಿದ ಬುಡದ ಮೇಲೆ ಗೂಡನ್ನಿಟ್ಟು, ಪಕ್ಕದಲ್ಲಿ ಕೈಯೂರಿ ಕೂತಳು. ಇರುವೆಗಳು ಕೆಳಗಿಳಿದವು. ಸೊನೆ ಒಸರುವ ಬುಡದ ಸುತ್ತ ಒಂದು ಸುತ್ತು ಬಂದವು, ಅಂಚಿನವರೆಗೆ ಹೋಗಿ ಮೀಸೆ ಆಡಿಸಿದವು. ಆಮೇಲೆ ಮೊಟ್ಟೆಗಳನ್ನು ಕಚ್ಚಿಕೊಂಡು ಒಂದರ ಹಿಂದೆ ಒಂದು ಅವಳ ತೋಳು ಹತ್ತತೊಡಗಿದವು. ಅವಳು ಕೈ ಅಲುಗಿಸಲಿಲ್ಲ.