ಮೇನ್ ಇಳಿಸದ ಮಧ್ಯಾಹ್ನ

ನನ್ನ ಅಂಗಡಿ ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದೆ. ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಕೆಟ್ಟ ಯಂತ್ರಗಳು ನನ್ನ ತಲೆ ತಿಂದದ್ದು ಕಡಿಮೆ, ಅವುಗಳ ಮಾಲೀಕರು ತಿಂದದ್ದೇ ಹೆಚ್ಚು. "ನಾ ಏನೂ ಒತ್ತಿಲ್ಲರಿ, ತಾನ ಹಿಂಗಾತು" ಎನ್ನದ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ.

ಟಿಕೋಟಾದ ರಾಜೇಶ್ವರಿಯೂ ಫೋನಿನಲ್ಲಿ ಅದನ್ನೇ ಅಂದಳು. ಮನೆಯಲ್ಲೇ ಕೂತು ಹೈಸ್ಕೂಲ್ ಮಕ್ಕಳಿಗೆ ವಿಡಿಯೋದಲ್ಲಿ ಗಣಿತ ಹೇಳಿಕೊಡುವಾಕೆ. "ಶಾಹಿಸ್ತಾ ಅಕ್ಕಾರ, ಮುಂಜಾನಿ ಪಾಠಕ್ಕ ಕೂತ ಕೂಡ್ಲೆ ಕಂಪ್ಯೂಟರ್ ಫ್ಯಾನ್ ಹೊಯ್ಕೊಳ್ಳಾಕ ಹತ್ತತೈತ್ರಿ. ಪಾಠ ಹೇಳೂಮುಂದ ನನ್ನ ಮಾರಿ ಬಾಯಿ ತಕ್ಕೊಂಡು ಹಂಗ ನಿಂತುಬಿಡತೈತಿ. ಹುಡುಗ್ರು ನಗತಾವು. ರವಿವಾರ ಪಾಠ ಇರೂದಿಲ್ಲ, ಅವತ್ತ ಬರ್ರಿ."

ರವಿವಾರ ಬೆಳಿಗ್ಗೆ ಸ್ಕೂಟಿ ಹತ್ತಿದೆ. ಮಾರ್ಚ್ ತಿಂಗಳು, ದ್ರಾಕ್ಷಿ ಒಣಗಿಸುವ ಕಾಲ. ಊರಿಗೆ ಊರೇ ಮನೆಗೆ ಬೀಗ ಜಡಿದು ಮನುಕ ಒಣಗಿಸುವ ಶೆಡ್ಡಿನಲ್ಲಿರುತ್ತದೆ. ಬೇಗ ಮುಗಿಸಿ ಬಬಲೇಶ್ವರಕ್ಕೆ ಹೋಗಿ ಒಂದು ಪ್ರಿಂಟರ್ ನೋಡಬೇಕಿತ್ತು. ಇದೇನು, ಅರ್ಧ ತಾಸಿನ ಕೆಲಸ ಅಂದುಕೊಂಡಿದ್ದೆ.

ಮೊದಲು ಡೆಸ್ಕ್‌ಟಾಪಿನ ಧೂಳು ಊದಿದೆ. ವೈರಸ್ ನೋಡಿದೆ, ಇರಲಿಲ್ಲ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದೆ. ಒಳಗೆ ಯಾವ ಪ್ರೋಗ್ರಾಂ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಪಟ್ಟಿ ಅದು. ಪ್ರೊಸೆಸರಿನ ನೂರರಲ್ಲಿ ತೊಂಬತ್ತನಾಲ್ಕು ಪಾಲನ್ನು ಒಂದೇ ಪ್ರೋಗ್ರಾಂ ನುಂಗುತ್ತಿತ್ತು. ಫೋಟೋಗಳಲ್ಲಿ ಮುಖ ಹುಡುಕುವ ಪ್ರೋಗ್ರಾಂ. ಪರದೆಯ ಮೇಲೆ ಅದರ ಸುಳಿವೇ ಇಲ್ಲ, ಹಿಂದೆ ಕೂತು ಕದ್ದು ದುಡಿಯುತ್ತಿತ್ತು. ಅದನ್ನು ನಿಲ್ಲಿಸಿದೆ, ಫ್ಯಾನ್ ತಣ್ಣಗಾಯಿತು. ಪೂರ್ತಿ ಕಿತ್ತೇ ಹಾಕೋಣ ಎಂದು ಮೌಸ್ ಒಯ್ಯುವಷ್ಟರಲ್ಲಿ ಬೆನ್ನ ಹಿಂದಿನಿಂದ ದನಿ ಬಂತು.

"ತಂಗಿ, ಅದನ್ನ ತಗೀಬ್ಯಾಡವಾ."

ರಾಜೇಶ್ವರಿಯ ಮಾವ ಶಿವಯೋಗೆಪ್ಪ. ಎಪ್ಪತ್ತನಾಲ್ಕರ ಮನುಷ್ಯ, ತಲೆಗೆ ಬಿಳಿ ಪಟಗ, ಬಿಳಿ ಮೀಸೆ. ದ್ರಾಕ್ಷಿ ಬೆಳೆಗಾರರ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದಾಗ ಕಂಪ್ಯೂಟರ್ ಕಲಿತವರು. ಪ್ರೋಗ್ರಾಂ ಹಾಕಿದ್ದೂ ಅವರೇ, ದಿನಾ ಏಳಕ್ಕೆ ಎದ್ದು ಶುರು ಮಾಡುತ್ತಿದ್ದದ್ದೂ ಅವರೇ.

"ಅಲ್ರೀ ಮಾಮಾರ, ನಾ ಇಷ್ಟು ದಿನಾ ಸಂಕಟಾ ಪಡಾಕತ್ತೇನಿ, ಒಂದ ಮಾತ ಹೇಳಬಾರದೇನ್ರಿ?" ರಾಜೇಶ್ವರಿಗೆ ಸಿಟ್ಟು ಬಂತು. ನನಗೂ ಬಂದಿತ್ತು, ಆದರೆ ನಾನು ಪರರ ಮನೆಯಲ್ಲಿದ್ದೆ.

ಮುದುಕರು ಮಂಚದ ತುದಿಗೆ ಕೂತರು. ಅವರ ಗೆಳೆಯ ಗೈಬುಸಾಬ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದ. ಇಬ್ಬರ ದ್ರಾಕ್ಷಿ ತೋಟಗಳೂ ಒಂದೇ ಬದುವಿಗೆ ಹತ್ತಿಕೊಂಡಿದ್ದವು, ನಲವತ್ತು ವರ್ಷದ ಒಡನಾಟ. ಸಾವಿನ ಫಾತಿಹಾ ಎಲ್ಲ ಮುಗಿದ ಮೇಲೆ ಗೈಬುಸಾಬನ ಹೆಂಡತಿ ಹಾಜಿರಾಬಿ ಇವರಲ್ಲಿಗೆ ಬಂದು, ತನ್ನಲ್ಲಿ ಗುರುತಿನ ಚೀಟಿಯ ಕರೀ ಚಿತ್ರವೊಂದನ್ನು ಬಿಟ್ಟರೆ ಗಂಡನ ಮುಖವೇ ಇಲ್ಲ, ಅವರ ಫೋನೂ ಬಾವಿ ಪಾಲಾಗಿದೆ, ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಒಂದು ಕೊಡಿ ಎಂದು ಕೇಳಿದ್ದಳು. ಇವರು ಧಾರಾಳವಾಗಿ ಹೂಂ ಅಂದುಬಿಟ್ಟಿದ್ದರು.

"ನನ್ನ ಫೋನಿಗೆ ಬಂದದ್ದೆಲ್ಲಾ ಇದಕ್ಕ ಇಳಿಸೇನಿ, ಅರವತ್ತೊಂದು ಸಾವಿರ ಫೋಟೋ ಅದಾವವಾ ಇದರಾಗ. ಕಣ್ಣಿಲೆ ಹುಡುಕಿ ಸಾಕಾತು. ಆ ಚೀಟಿ ಝೆರಾಕ್ಸ್ ತೋರಿಸಿ, ಇಂಥಾ ಮಾರಿ ಹುಡುಕು ಅಂತ ಹಚ್ಚೇನಿ. ಮೂವತ್ತೆಂಟು ದಿನಾ ಆತು. ಇನ್ನೂ ಹುಡುಕಾಕತ್ತೈತಿ. ಆಕೀ ಎದುರಿಗೆ ಬಂದ್ರ ನಾ ಓಣಿ ಬದಲಿ ಮಾಡತೇನಿ."

ಅರವತ್ತೊಂದು ಸಾವಿರದಲ್ಲಿ ನಲವತ್ತು ಸಾವಿರ ಬರೀ ಶುಭೋದಯದ ಚಿತ್ರಗಳು. ಗುಲಾಬಿ, ಚಹಾ ಕಪ್ಪು, ಸೂರ್ಯ, ಗಣಪತಿ. ಅವನ್ನು ಬಿಟ್ಟು ಹುಡುಕಿಸಿದರೆ ಬೇಗ ಆಗುತ್ತದೆ ಅಂದೆ. ಅವುಗಳ ನಡುವೆ ಗೈಬುಸಾಬ ಒಂದಾದರೂ ತನ್ನ ಫೋಟೋ ಕಳಿಸಿರಬಹುದು, ಬಿಡಬೇಡ ಅಂದರು ಮುದುಕರು. ಆಯಿತು ಅಂದೆ. ಆದರೂ ಅಷ್ಟಕ್ಕೆ ಹೆಚ್ಚೆಂದರೆ ಎಂಟು ತಾಸು ಸಾಕು, ಮೂವತ್ತೆಂಟು ದಿನ ಯಾಕೆ? ಪ್ರೋಗ್ರಾಂ ತಾನೇ ಬರೆದಿಟ್ಟುಕೊಂಡ ದಾಖಲೆ ತೆಗೆದು ನೋಡಿದೆ. ಇವತ್ತಿನದನ್ನು ಬಿಟ್ಟು ಮೂವತ್ತೆಂಟು ಸಲ ಶುರುವಾಗಿತ್ತು, ಒಮ್ಮೆಯೂ ಮುಗಿದಿರಲಿಲ್ಲ. ಪ್ರತಿ ಸಲವೂ ಹನ್ನೆರಡರ ಹೊತ್ತಿಗೆ ಕತ್ತು ಹಿಚುಕಿದಂತೆ ನಿಂತಿತ್ತು.

"ಹನ್ನೆರಡಕ್ಕ ಏನಾಕ್ಕೈತ್ರಿ ಈ ಮನ್ಯಾಗ?"

"ಏನಿಲ್ರಿ," ಅಂದಳು ರಾಜೇಶ್ವರಿ. "ಎಲ್ಲಾರೂ ಬುತ್ತಿ ಕಟ್ಟಕೊಂಡು ಶೆಡ್ಡಿಗೆ ಹೋಗತೀವಿ."

"ಹೋಗೂಮುಂದ?"

"ಮಾಮಾರು ಮೇನ್ ಇಳಸತಾರ್ರಿ. ಖಾಲಿ ಮನ್ಯಾಗ ಕರೆಂಟ್ ಬಿಟ್ಟು ಹೋಗಬಾರದು ಅಂತಾರ."

ಈ ಪ್ರೋಗ್ರಾಂ ಪೂರ್ತಿ ಮುಗಿದ ಮೇಲಷ್ಟೇ ಫಲ ಕೊಡುವ ಜಾತಿಯದು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಮುದುಕರು ದಿನಾ ಬೆಳಿಗ್ಗೆ ಆಸೆಯಿಂದ ಹಚ್ಚಿ, ಮಧ್ಯಾಹ್ನ ತಮ್ಮ ಕೈಯಿಂದಲೇ ಆರಿಸುತ್ತಿದ್ದರು. ನಗು ಬರಬೇಕಿತ್ತು. ಅವರ ಮುಖ ನೋಡಿ ನನಗೆ ಬರಲಿಲ್ಲ.

"ಇವತ್ತೊಂದಿನ ಇಳಸಬ್ಯಾಡ್ರಿ," ಅಂದು ಮತ್ತೆ ಶುರು ಮಾಡಿ, ಬಬಲೇಶ್ವರಕ್ಕೆ ಹೋದೆ. ಆ ಪ್ರಿಂಟರಿನ ಹೊಟ್ಟೆಯಲ್ಲಿ ಜೋಳದ ಕಾಳಿದ್ದವು. ಮಾಲೀಕರು ಏನೂ ಮಾಡಿರಲಿಲ್ಲವಂತೆ. ಐದರ ಸುಮಾರಿಗೆ ತಿರುಗಿ ಟಿಕೋಟಾಕ್ಕೆ ಬಂದೆ. ಬರಲೇಬೇಕೆಂದಿರಲಿಲ್ಲ, ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮನಸ್ಸು ತಡೆಯಲಿಲ್ಲ.

ಶಿವಯೋಗೆಪ್ಪ ಶೆಡ್ಡಿಗೆ ಹೋಗಿಯೇ ಇರಲಿಲ್ಲ, ಮೇನ್ ಸ್ವಿಚ್ಚಿನ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಲಸ ಮುಗಿದಿತ್ತು. ಪರದೆಯ ಮೇಲೆ 'ಗೈಬುಸಾಬ' ಎಂಬ ಹೆಸರು, ಅದರ ಕೆಳಗೆ 'ಇನ್ನೂರಾ ಹನ್ನೆರಡು ಫೋಟೋ' ಎಂದಿತ್ತು.

"ನೀನ ತಗಿ ತಂಗಿ."

ತೆರೆದೆ. ಮೊದಲನೆಯದರಲ್ಲಿ ಶಿವಯೋಗೆಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ನಗುತ್ತಿದ್ದರು. ಎರಡನೆಯದರಲ್ಲೂ ಅವರೇ, ಮೂರನೆಯದರಲ್ಲೂ ಅವರೇ. ಕೊನೆಯವರೆಗೂ ಸರಿಸಿದೆ, ಅವರನ್ನು ಬಿಟ್ಟು ಇನ್ನೊಬ್ಬರಿಲ್ಲ. ಝೆರಾಕ್ಸಿನ ಮಸುಕು ಚಿತ್ರದಲ್ಲಿ ಗೈಬುಸಾಬನಿಗೂ ಅದೇ ಪಟಗ, ಅದೇ ಬಿಸಿಲಿಗೆ ಸುಟ್ಟ ಮುಖ, ಅದೇ ಬಿಳಿ ಮೀಸೆ. ಯಂತ್ರಕ್ಕೆ ಇಬ್ಬರೂ ಒಬ್ಬರೇ ಆಗಿ ಕಂಡಿದ್ದರು. ನನಗೆ ನಾಚಿಕೆಯಾಯಿತು, ತಪ್ಪು ನನ್ನದೇ ಎನ್ನುವಷ್ಟು.

ಮಾತು ಬದಲಿಸಲಿಕ್ಕೆ ಕೇಳಿದೆ, "ಇಷ್ಟೆಲ್ಲಾ ಯಾರು ತಗದಾರ್ರಿ?"

"ಅವನ. ಮತ್ಯಾರು?" ಅಂದರು. ಅಂದ ಮೇಲೆಯೇ ಅವರ ಕಿವಿಗೆ ಆ ಮಾತು ಬಿದ್ದಂತೆ ಕಂಡಿತು. "ಫೋನ್ ತಂದಾಂವ ಅವನ, ತಗದು ನನಗ ಕಳಸಾಂವ ಅವನ. ನನ್ನ ಕೈಯಾಗ ಕೊಡೋ, ನಿಂದೊಂದ ತಗೀತೇನಿ ಅಂತ ನಾ ಒಂದ ದಿನಾ ಅನಲಿಲ್ಲವಾ. ಒಂದ ದಿನಾ."

ಅಷ್ಟರಲ್ಲಿ ಶೆಡ್ಡಿನಿಂದ ರಾಜೇಶ್ವರಿ ಬಂದಳು, ಜೊತೆಗೆ ಹಾಜಿರಾಬಿ. ಸೊಸೆ ದಾರಿಯಲ್ಲೇ ಎಲ್ಲ ಹೇಳಿ ಕರೆತಂದಿದ್ದಳು. ಈ ಸಲ ಮುದುಕರಿಗೆ ಓಣಿ ಬದಲಿಸಲು ದಾರಿಯಿರಲಿಲ್ಲ. ಎದ್ದು ನಿಂತರು.

"ಒಂದೂ ಇಲ್ಲವಾ ಹಾಜಿರಾ. ನಾ ಕೊಟ್ಟ ಮಾತ ಸುಳ್ಳಾತು. ಎಲ್ಲಾದ್ರಾಗೂ ನಾನ ಅದೇನಿ."

ಹಾಜಿರಾಬಿ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಂದಳು. ನಾನು ಒಂದೊಂದಾಗಿ ತೋರಿಸುತ್ತ ಹೋದೆ. ಏಳೋ ಎಂಟೋ ಆದ ಮೇಲೆ ಆಕೆಗೆ ನಗು ತಡೆಯದಾಯಿತು.

"ಇವು ಅವರವ! ನೋಡ್ರಿ, ಒಂದರಾಗರ ಪಟಗಾ ಪೂರ್ತಿ ಬಂದೈತೇನು? ನಮ್ಮ ಮಗಳ ಲಗ್ನದಾಗೂ ಹಿಂಗ, ಎಲ್ಲಾರ ತಲಿ ಅರ್ಧಾ ಹಾರಿಸಿಬಿಟ್ಟಿದ್ರು."

ಹೌದು. ಇನ್ನೂರಾ ಹನ್ನೆರಡರಲ್ಲೂ ಶಿವಯೋಗೆಪ್ಪನವರ ಪಟಗದ ಮೇಲ್ಭಾಗ ಹಾರಿಹೋಗಿತ್ತು. ನಾನು ಇಷ್ಟು ಹೊತ್ತು ನೋಡಿಯೂ ನೋಡಿರಲಿಲ್ಲ. ಹಾಜಿರಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಗು ಇನ್ನೂ ಹೋಗಿರಲಿಲ್ಲ.

"ಇವೆಲ್ಲಾ ನನ್ನ ಫೋನಿಗೆ ಹಾಕವಾ," ಎಂದು ನನಗೆ ಹೇಳಿ, ಮೊದಲನೆಯ ಫೋಟೋಕ್ಕೆ ತಿರುಗಿಸಲು ಹೇಳಿದಳು. ಶಿವಯೋಗೆಪ್ಪ ಚಪ್ಪರದ ಕೆಳಗೆ ನಿಂತು ನಗುತ್ತಿದ್ದ ಫೋಟೋ. ಅದರ ಮೇಲೆ ಬೆರಳಿಟ್ಟಳು.

"ಅಣ್ಣಾ, ಇಲ್ಲಿ ಇಷ್ಟ ನಗಾಕತ್ತೀರಿ. ಅವರು ಏನೋ ಅಂದಿರಬೇಕು. ಏನಂದ್ರು?"

ಶಿವಯೋಗೆಪ್ಪ ಕುರ್ಚಿಯನ್ನು ಆಕೆಯ ಹತ್ತಿರ ಎಳೆದುಕೊಂಡು ಕೂತು, ಹೇಳತೊಡಗಿದರು.