ಮೊದಲ ಮಣ್ಣು

"ತಡೀರಿ, ಯಾರೂ ಮಣ್ಣು ಹಾಕಬ್ಯಾಡ್ರಿ!" ಬೀರಣ್ಣ ಕುಣಿಯ ದಂಡೆಯಲ್ಲಿ ಎರಡೂ ಕೈ ಚಾಚಿ ನಿಂತ.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆ. ತಾಂಬಾ ಊರಿನ ಹೊರಗಿನ ಹೊಲದಲ್ಲಿ ಅವನ ಅಣ್ಣ ಅಮಸಿದ್ದನ ಹೆಣವನ್ನು ಆಗಷ್ಟೇ ಕುಣಿಗೆ ಇಳಿಸಿದ್ದರು. ಆ ಕುರುಬರ ಮನೆತನದ ಪದ್ಧತಿಯೇ ಹಾಗೆ. ಸಾಯುವವನ ಬಾಯಿಗೆ ಕಡೆಯ ಗುಟುಕು ಹಾಕಿದವರೇ ಮೊದಲ ಮಣ್ಣು ಕೊಡಬೇಕು. ಜನರ ಹಿಂದೆ ನಿಂತಿದ್ದ ಡಾಕ್ಟರ್ ವೆಂಕಟೇಶರು ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಬಾರದಿದ್ದರೆ ಜನಕ್ಕೆ ಅನುಮಾನ ಬಂದೀತೆಂದು ಇಂಡಿ ಪಟ್ಟಣದಿಂದ ಬಂದಿದ್ದರು. ಹೆದರಿದವನಿಗೆ ಬುದ್ಧಿ ಎಲ್ಲಿರುತ್ತದೆ?

"ಕಡೀ ಗುಟುಕು ಯಾರ ಹಾಕಿದ್ರು, ವೈನಿ?" ಬೀರಣ್ಣ ಅಣ್ಣನ ಹೆಂಡತಿ ರೇವವ್ವನತ್ತ ತಿರುಗಿದ.

*

ನಿನ್ನೆ ಮುಂಜಾನೆಯ ಮಾತು. ಅಮಸಿದ್ದನ ಗಂಟಲ ಹುಣ್ಣಿಗೆ ಮದ್ದಿಲ್ಲವೆಂದು ಮಿರಜದ ದವಾಖಾನೆಯಿಂದಲೂ ತಿರುಗಿ ಕಳಿಸಿದ್ದರು. ಎರಡು ದಿನದಿಂದ ಹನಿ ನೀರೂ ಇಳಿದಿರಲಿಲ್ಲ.

"ಸಾಹೇಬ್ರ, ಕುರೀನ ಸೈತ ನಾವು ಹಿಂಗ ನರಳಾಕ ಬಿಡೂದಿಲ್ರಿ."

"ನೀ ಕುರಿ ಅಲ್ಲೋ, ಅಮಸಿದ್ದ."

"ಕುರಿಗಾದ್ರ ಕುರುಬ ಅದಾನ. ನನಗ್ಯಾರ ಅದಾರ್ರಿ?"

ಹಿಂದೆ ಮೂರು ಸಲ ಕೇಳಿದ್ದ. ಮೂರೂ ಸಲ ಡಾಕ್ಟರರು ಬ್ಯಾಗು ಮುಚ್ಚಿ ಎದ್ದುಹೋಗಿದ್ದರು. ಈ ಸಲ ಏಳಲಾಗಲಿಲ್ಲ. ರೇವವ್ವನ ಮುಖ ನೋಡಿದರು. ಅವಳು ಹೂಂ ಎನ್ನುವಂತೆ ತಲೆಯಾಡಿಸಿದಳು. ನೋವಿಗೆ ಕೊಡುವ ಮದ್ದನ್ನೇ ಅಂದು ಅಳತೆ ಮೀರಿ ಸೂಜಿಗೆ ತುಂಬಿಕೊಂಡರು.

ಅಮಸಿದ್ದನ ಹುಬ್ಬಿನ ಗಂಟು ಬಿಚ್ಚಿತು. ಹಾಲು ಬೇಡಿದ. ಡಾಕ್ಟರರೇ ಒಂದು ಚಮಚ ಹಾಕಿದರು. ಇಳಿಯಿತು. ತುಸು ಹೊತ್ತಿಗೆ ಉಸಿರು ನಿಂತಿತು.

*

"ಡಾಕ್ಟರ್ ಸಾಹೇಬ್ರು," ಎಂದಳು ರೇವವ್ವ. ಗಂಡನ ಕುಣಿಯ ಮುಂದೆ ಸುಳ್ಳಾಡುವ ಹೆಂಗಸಲ್ಲ ಅವಳು. "ಸೂಜಿ ಮಾಡಿ ಮುಕ್ತಿ ಕೊಟ್ರು. ಹಾಲು ಹಾಕಿ ಕಳಿಸಿದ್ರು. ದೇವರಂಥವ್ರು."

ಜನ ಸರಿದು ದಾರಿ ಬಿಟ್ಟರು. ಯಾರಾದರೂ ಕೊಲೆಗಾರ ಎಂದಾರೆಂದು ವೆಂಕಟೇಶರು ಕಾದರು. ಯಾರೂ ಅನ್ನಲಿಲ್ಲ. ಬೀರಣ್ಣ ಅವರ ಕಾಲು ಮುಟ್ಟಿ ನಮಸ್ಕರಿಸಿದ. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು. ವೆಂಕಟೇಶರು ಬಗ್ಗಿ ಹಿಡಿ ಮಣ್ಣು ಹಾಕಿದರು.

ಹಿಂದಿರುಗುವಾಗ ಊರ ಅಗಸಿ ಬಾಗಿಲಲ್ಲಿ ಅದೇ ಊರಿನ ಶಂಕರೆಪ್ಪ ಡಾಕ್ಟರರ ಮೋಟಾರ್‌ಸೈಕಲ್ಲಿಗೆ ಅಡ್ಡ ನಿಂತ. ಅವನೂ ಮಣ್ಣಿಗೆ ಬಂದಿದ್ದವನೇ.

"ನಮ್ಮವ್ವನ್ನೂ ಒಂದೀಟು ನೋಡ್ರಿ." ಬ್ಯಾಗನ್ನು ತಾನೇ ಎತ್ತಿಕೊಂಡು ಅಗಸಿಯ ಪಕ್ಕದ ತನ್ನ ಮನೆಯೊಳಗೆ ನಡೆದ. ಲಕ್ವಾ ಹೊಡೆದು ಎರಡು ವರ್ಷದಿಂದ ಮಾತು ನಿಂತಿದ್ದ ಅವನ ತಾಯಿ ಸುಂದರವ್ವ ಹೊರಸಿನ ಮೇಲೆ ಮಲಗಿದ್ದಳು.

"ಅಮಸಿದ್ದಗ ಮಾಡಿದ್ರಲ್ರಿ, ಅದ ಸೂಜಿ ಮಾಡ್ರಿ. ಮನಿಯವ್ರೆಲ್ಲಾ ಬ್ಯಾಸತ್ತೇವಿ."

"ಆಕಿ ಕೇಳ್ಯಾಳೇನು?"

"ಆಕಿಗೆಲ್ಲಿ ಮಾತ ಬರ್ತಾವ್ರಿ?"

ಹೊರಸಿನ ಬದಿಗೆ ಹಾಲಿನ ಬಟ್ಟಲು, ತೊಳೆದ ಚಮಚ ಆಗಲೇ ಬಂದು ಕೂತಿದ್ದವು. ಸುಂದರವ್ವ ಬ್ಯಾಗನ್ನೇ ನೋಡುತ್ತಿದ್ದಳು. ನೋಡುತ್ತಲೇ, ಆಡುವ ತನ್ನ ಒಂದೇ ಕೈಯನ್ನು ಮೆಲ್ಲಗೆ ಎಳೆದುಕೊಂಡು ಕಂಬಳಿಯೊಳಗೆ ಬಚ್ಚಿಟ್ಟಳು.